ಸಣ್ಣ ಸರ್ವರ್‌ಗೆ ಸಾಟಾ ಸಾಕೇ, ಸ್ಯಾಸ್ ಬೇಕೇ?

ಪುಣೆಯ ಭೋಸರಿಯಲ್ಲಿರುವ ನಿಮ್ಮ ವರ್ಕ್‌ಶಾಪ್‌ಗೆ ನಾಲ್ಕು ಡಿಸ್ಕಿನ ಸರ್ವರ್. ಕ್ಯಾಡ್ ಡ್ರಾಯಿಂಗ್, ಟ್ಯಾಲಿ, ಇಪ್ಪತ್ತು ಜನ. ಮುಂಬೈ ಲ್ಯಾಮಿಂಗ್ಟನ್ ರೋಡಿನ ಅಂಗಡಿಯವರು 'ಹಳೇ ಸ್ಯಾಸ್ ಡಿಸ್ಕ್ ಹಾಕ್ಕೊಳ್ಳಿ, ಸ್ಪೀಡ್ ಡಬಲ್' ಅಂದಿದ್ದಾರೆ, ನಂಬಬಹುದೇ ಅಂತ ಕೇಳಿದ್ದೀರಿ. ಸಾಟಾ, ಸ್ಯಾಸ್ ಎರಡೂ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್ಫೇಸುಗಳು. ಸಾಟಾ ಮಾಮೂಲಿ ಪಿಸಿಯಲ್ಲೂ ಇರುತ್ತದೆ, ಸ್ಯಾಸ್ ಸರ್ವರ್ ಲೋಕದ್ದು.

ಡಬಲ್ ಇರುವುದು ಇಂಟರ್ಫೇಸಿನ ಲೆಕ್ಕದಲ್ಲಿ. ಸಾಟಾ ಸೆಕೆಂಡಿಗೆ 6 ಗಿಗಾಬಿಟ್, ಸ್ಯಾಸ್ 12. ಆದರೆ 7200 ಆರ್‌ಪಿಎಂ ಡಿಸ್ಕ್ ಎರಡರಲ್ಲೂ ಸೆಕೆಂಡಿಗೆ ಸುಮಾರು 250 ಎಂಬಿ ಕೊಡುತ್ತದೆ, ಸಾಟಾ 550ರವರೆಗೆ ಹೊರಬಲ್ಲದು. ಆಫೀಸಿನ ಗಿಗಾಬಿಟ್ ಸ್ವಿಚ್ಚಂತೂ 110ರ ಆಸುಪಾಸಿನಲ್ಲೇ ಸುಸ್ತಾಗುತ್ತದೆ.

ಹಾಗಾಗಿ ಡ್ರಾಯಿಂಗ್‌ಗಳಿಗೆ ನಾಲ್ಕು ಎಂಟರ್‌ಪ್ರೈಸ್ ಸಾಟಾ ಡಿಸ್ಕ್, ರೇಡ್ 10 (ಪ್ರತಿ ಡೇಟಾವೂ ಜೋಡಿ ಡಿಸ್ಕಿನಲ್ಲಿ ಇನ್ನೊಂದು ಪ್ರತಿಯಾಗಿ ಇರುವ ವ್ಯವಸ್ಥೆ). ಡೆಸ್ಕ್‌ಟಾಪ್ ಡಿಸ್ಕ್ ಬೇಡ. ಕೆಟ್ಟ ಸೆಕ್ಟರ್ ಸಿಕ್ಕರೆ ಅದು ಓದಲು ಬಹಳ ಹೊತ್ತು ಹೆಣಗುತ್ತದೆ, ಅಷ್ಟರಲ್ಲಿ ರೇಡ್ ಕಾರ್ಡ್ ಡಿಸ್ಕೇ ಸತ್ತಿದೆ ಎಂದು ಹೊರಗೆ ಹಾಕುತ್ತದೆ. ಎಂಟರ್‌ಪ್ರೈಸ್ ಡಿಸ್ಕ್ ಸಾಮಾನ್ಯವಾಗಿ 7 ಸೆಕೆಂಡಿಗೆ ಕೈಬಿಟ್ಟು ಎರರ್ ಹೇಳಿಬಿಡುತ್ತದೆ, ಆ ಭಾಗವನ್ನು ರೇಡ್ ಜೋಡಿ ಡಿಸ್ಕಿನಿಂದ ತುಂಬಿಕೊಳ್ಳುತ್ತದೆ. ಡೇಟಾಶೀಟ್‌ನಲ್ಲಿ ಸಿಎಂಆರ್ (ಬರೆಯುವ ಸಾಲುಗಳು ಒಂದರ ಮೇಲೊಂದು ಬೀಳದ ಬಗೆ) ಅಂತ ಇದೆಯೇ ನೋಡಿ. ಎಸ್‌ಎಂಆರ್ (ಸಾಲುಗಳು ಒಂದರ ಮೇಲೊಂದು ಬೀಳುವ ಬಗೆ) ಆದರೆ ರೀಬಿಲ್ಡ್, ಅಂದರೆ ಕೆಟ್ಟ ಡಿಸ್ಕಿನ ಜಾಗಕ್ಕೆ ಹಾಕಿದ ಹೊಸದಕ್ಕೆ ಡೇಟಾ ತುಂಬುವುದು, ದಿನಗಟ್ಟಲೆ ಎಳೆಯಬಹುದು.

ಟ್ಯಾಲಿಯನ್ನು ಈ ಡಿಸ್ಕ್‌ಗಳ ಮೇಲೆ ಇಡಬೇಡಿ. ಅದರದು ಚಿಲ್ಲರೆ ಓದು-ಬರಹ, ಅಲ್ಲಿ ತಿರುಗುವ ಡಿಸ್ಕ್ ಯಾವ ಇಂಟರ್ಫೇಸಿನದಾದರೂ ನಿಧಾನವೇ. ಅದಕ್ಕೆ ಬೇರೆಯಾಗಿ, ಪವರ್ ಲಾಸ್ ಪ್ರೊಟೆಕ್ಷನ್ (ಕರೆಂಟ್ ಹೋದಾಗ ಬರೆಯುತ್ತಿದ್ದ ಡೇಟಾ ಉಳಿಸುವ ಏರ್ಪಾಡು) ಇರುವ ಎರಡು ಸಾಟಾ ಎಸ್‌ಎಸ್‌ಡಿ, ಮಿರರ್ (ಒಂದರ ಪ್ರತಿ ಇನ್ನೊಂದರಲ್ಲಿ). ಇನ್ನೂ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಈ ಕೆಲಸಕ್ಕೆ ದುಂದು.

ಇನ್ನು ಆ ಹಳೇ ಡಿಸ್ಕ್‌ಗಳು. ಸ್ಟೋರೇಜ್ ಬಾಕ್ಸ್‌ಗಳಿಂದ ಕಳಚಿದ ಸ್ಯಾಸ್ ಡಿಸ್ಕ್‌ಗಳಲ್ಲಿ ಎಷ್ಟೋ 520 ಬೈಟ್ ಸೆಕ್ಟರಿನವು. ಲಿನಕ್ಸ್ ಡಿಸ್ಕನ್ನು ಗುರುತಿಸಿದರೂ ಬಳಸಲು ಬಿಡುವುದಿಲ್ಲ. ಎಸ್‌ಜಿ-ಫಾರ್ಮ್ಯಾಟ್ (sg_format) ಎಂಬ ಲಿನಕ್ಸ್ ಕಮಾಂಡಿನಿಂದ 512ಕ್ಕೆ ಬದಲಿಸಬೇಕು. ದೊಡ್ಡ ಡಿಸ್ಕಿಗೆ ಹಲವು ಗಂಟೆ ಹಿಡಿಯುತ್ತದೆ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ, ಆದ್ದರಿಂದ ಯುಪಿಎಸ್ ಮೇಲೆಯೇ ಮಾಡಿ. ಆಮೇಲೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ರಿಪೋರ್ಟಿನಲ್ಲಿ ಓಡಿದ ಗಂಟೆ, ಗ್ರೋನ್ ಡಿಫೆಕ್ಟ್ (ಬಳಕೆಯಲ್ಲಿ ಕೆಟ್ಟ ಸೆಕ್ಟರುಗಳ ಲೆಕ್ಕ) ನೋಡಿ. ಡಿಫೆಕ್ಟ್ ಏರುತ್ತಿದ್ದರೆ ವಾಪಸ್ ಕೊಡಿ. ಇಷ್ಟೆಲ್ಲ ರಗಳೆಗೆ ಸಿಗುವ ಉಳಿತಾಯ ನನಗೇನೂ ದೊಡ್ಡದಾಗಿ ಕಾಣುವುದಿಲ್ಲ.

ಸ್ಯಾಸ್‌ಗೆ ನಿಜವಾದ ಬೆಲೆ ಇರುವುದು ಒಂದೇ ಡಿಸ್ಕಿಗೆ ಎರಡು ಕಂಟ್ರೋಲರ್ ದಾರಿ ಬೇಕಾದಾಗ, ಅಥವಾ ಎಕ್ಸ್‌ಪಾಂಡರ್ (ಒಂದು ಕಂಟ್ರೋಲರಿನ ದಾರಿಯನ್ನು ಹಲವು ಡಿಸ್ಕಿಗೆ ಹಂಚುವ ಸಾಧನ) ಮೂಲಕ ಹತ್ತಾರು ಡಿಸ್ಕ್ ಪೋಣಿಸುವಾಗ.

ಮುಂದೆ ಬೇಕಾದೀತು ಎನಿಸಿದರೆ ಸ್ಯಾಸ್ ಬ್ಯಾಕ್‌ಪ್ಲೇನ್ (ಡಿಸ್ಕ್‌ಗಳು ಹಿಂದೆ ಸಿಕ್ಕಿಕೊಳ್ಳುವ ಬೋರ್ಡ್) ಮತ್ತು ಎಚ್‌ಬಿಎ ಕಾರ್ಡ್ (ಡಿಸ್ಕ್‌ಗಳನ್ನು ಸರ್ವರ್‌ಗೆ ಜೋಡಿಸುವ ಕಾರ್ಡ್) ಇರುವ ಕ್ಯಾಬಿನೆಟ್ ತಗೊಳ್ಳಿ, ಸಾಟಾ ಡಿಸ್ಕ್ ಅದರಲ್ಲಿ ಕೂರುತ್ತದೆ. ಸ್ಯಾಸ್ ಡಿಸ್ಕ್ ಮಾತ್ರ ಮದರ್‌ಬೋರ್ಡಿನ ಸಾಟಾ ಪೋರ್ಟಿನಲ್ಲಿ ನಡೆಯದು. ಅಗ್ಗದ ಅಡಾಪ್ಟರ್ ಹಾಕಿದರೆ ಪಿನ್ ಕೂತೀತು, ಡಿಸ್ಕ್ ಕಾಣದು. ಎಚ್‌ಬಿಎ ಕಾರ್ಡ್ ಚೆನ್ನಾಗಿ ಬಿಸಿಯಾಗುತ್ತದೆ, ಎದುರಿಗೊಂದು ಫ್ಯಾನ್ ಇರಲಿ.