ರೀಫ್ ಟ್ಯಾಂಕಿಗೆ ಮನೆಯಲ್ಲೇ ಎಲ್‌ಇಡಿ ಲೈಟ್ ಮಾಡಬಹುದಾ?

ಕಾಸರಗೋಡಿನಿಂದ ಕೇಳಿದ್ದೀರಿ, ಎರಡಡಿ ರೀಫ್ ಟ್ಯಾಂಕಿಗೆ (ಜೀವಂತ ಹವಳ ಸಾಕುವ ಉಪ್ಪುನೀರಿನ ತೊಟ್ಟಿ) ಅಂತ. ಧಾರಾಳವಾಗಿ ಮಾಡಬಹುದು. ನಾನೂ ಕಾಸರಗೋಡಿನವನೇ, ನನ್ನದು ಮನೆಯಲ್ಲೇ ಮಾಡಿದ್ದು.

ಹವಳದೊಳಗಿನ ಪಾಚಿಗೆ ಮುಖ್ಯವಾಗಿ ಬೇಕಾದ್ದು ನೀಲಿ ಬೆಳಕು, 450 ನ್ಯಾನೋಮೀಟರ್ ಆಸುಪಾಸಿನದ್ದು. ಹಾಗಾಗಿ 3 ವ್ಯಾಟಿನ 12 ಎಲ್‌ಇಡಿ ತಗೊಳ್ಳಿ: 8 ರಾಯಲ್ ಬ್ಲೂ, 4 ಕೂಲ್ ವೈಟ್. ಒಂದೊಂದಕ್ಕೆ ಸುಮಾರು 3.3 ವೋಲ್ಟ್. ಸೀರೀಸಿನಲ್ಲಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿದರೆ ಒಟ್ಟು ಸುಮಾರು 40 ವೋಲ್ಟ್ ಆಗುತ್ತದೆ. ಅದಕ್ಕೆ ಹೊಂದುವ, ಡಿಮ್ಮರ್ ಇರುವ 700 ಮಿಲಿಆಂಪ್ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ (ಕರೆಂಟನ್ನು ಒಂದೇ ಮಟ್ಟದಲ್ಲಿ ಕೊಡುವ ಸಾಧನ) ಬೇಕು. ಸುಮ್ನೆ ಯಾವುದೋ ಅಡಾಪ್ಟರ್ ಸಿಕ್ಕಿಸಬೇಡಿ. ಎಲ್‌ಇಡಿಯ ಬಿಸಿ ಎಳೆದುಕೊಳ್ಳುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಬೇಕೇ ಬೇಕು. ಇವೆರಡರ ನಡುವೆ ಬಿಸಿ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ಮಾತ್ರ ತೆಳುವಾಗಿರಲಿ, ಕಾವಲಿಗೆ ಎಣ್ಣೆ ಸವರಿದಷ್ಟು.

ನಮ್ಮೂರಲ್ಲಿ ನಿಜವಾದ ತಲೆನೋವು ಉಪ್ಪು ಮತ್ತು ಮಳೆಗಾಲದ ತೇವ. ನನ್ನ ಮೊದಲ ಲೈಟಿನ ವಯರು ಮಳೆಗಾಲದ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಬೆಸುಗೆಯ ಹತ್ತಿರ ಹಸಿರು ಕಟ್ಟಿತ್ತು. ಈಗ ಎಲ್‌ಇಡಿ ಕೆಳಗೆ ಅಕ್ರಿಲಿಕ್ ಶೀಟ್ ಇದೆ, ಡ್ರೈವರ್ ದೂರದ ಗೋಡೆಯಲ್ಲಿದೆ. ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇಲ್ಲದೆ ಪ್ಲಗ್ ಹಾಕಲೇಬೇಡಿ.

ಮೊದಲ ದಿನವೇ ಪೂರ್ತಿ ಬೆಳಕು ಬಿಟ್ಟರೆ ಹವಳ ಬಿಳಿಚಿಕೊಳ್ಳುತ್ತದೆ. ದಿನಕ್ಕೆ 4 ಗಂಟೆ, ಮಂದವಾಗಿ ಶುರುಮಾಡಿ. ಹಾಂ, ಕಡಲಿನಿಂದ ಗಟ್ಟಿ ಹವಳ ಕಿತ್ತು ತರಬೇಡಿ. ಅದು ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ.