ಹೋಂಸ್ಟೇನ ಕಂಪನಿಗೆ ಕೊಡೋಣ ಅಂದಿದ್ದಕ್ಕೆ ಅಮ್ಮ ಮಾತೇ ಬಿಟ್ಟಿದಾರೆ

ಪ್ರಶ್ನೆ: ಸಕಲೇಶಪುರದ ಹತ್ರ ನಮ್ಮ ಹಳೇ ಮನೆ, ಜೊತೆಗೆ ಐದು ಎಕರೆ ಕಾಫಿ ತೋಟ. ಅಪ್ಪ ತೀರ್ಕೊಂಡ ಮೇಲೆ ಮೂರು ರೂಮನ್ನ ಹೋಂಸ್ಟೇ ಮಾಡಿದ್ವಿ. ಅಮ್ಮ ಅಲ್ಲೇ ಇದಾರೆ, ನಾನು ಬೆಂಗಳೂರಲ್ಲಿ ಕೆಲಸ ಮಾಡ್ಕೊಂಡೇ ಬುಕಿಂಗ್ ನೋಡ್ಕೋತೀನಿ. ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತೆ, ದಾರಿ ತಪ್ಪಿದೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ ಅಂತ. ಗಂಡನಿಗೂ ಸಾಕಾಗಿದೆ. ಕಳೆದ ವರ್ಷ ಒಟ್ಟು 9 ಲಕ್ಷ ಬಂತು. ಒಂದು ಕಂಪನಿಯೋರು 25% ಕೊಟ್ರೆ ಎಲ್ಲಾ ನಾವೇ ನೋಡ್ಕೋತೀವಿ ಅಂತಿದಾರೆ. ಕೆನಡಾದಲ್ಲಿರೋ ಅಣ್ಣ, ಕೊಟ್ಬಿಡು, ಅಮ್ಮನ್ನ ಬೆಂಗಳೂರಿಗೆ ಕರ್ಕೊಂಡು ಬಾ ಅಂತಾನೆ. ಅಮ್ಮಂಗೆ ಹೇಳ್ದಾಗಿಂದ ಮಾತಾಡ್ತಿಲ್ಲ. ಏನ್ ಮಾಡ್ಲಿ?

ಉತ್ತರ: ನಿಮ್ಮ ಮೇಲ್ ಉದ್ದ ಇತ್ತು, ಇಲ್ಲಿ ಮೊಟಕು ಮಾಡಿ ಹಾಕಿದೀನಿ. ಪೂರ್ತಿ ಮೇಲಲ್ಲಿ ಕಂಪನಿ ಬಗ್ಗೆ ನಾಲ್ಕು ಪ್ಯಾರಾ ಇದೆ, ಅಣ್ಣನ ಬಗ್ಗೆ ಎರಡು, ಅಮ್ಮನ ಬಗ್ಗೆ ಎರಡೇ ಸಾಲು. ಬೆಳಿಗ್ಗೆ ಎದ್ದು ಬಚ್ಚಲ ಒಲೆಗೆ ಸೌದೆ ತುರುಕೋರು ಯಾರು, ಬಂದೋರಿಗೆಲ್ಲ ಕಡುಬು ಬೇಯ್ಸಿ ಕೋಳಿ ಸಾರು ಮಾಡೋರು ಯಾರು, ಉಂಬಳ (ಜಿಗಣೆ) ಕಚ್ತು ಅಂತ ಕಿರುಚ್ಕೊಂಡು ಬಂದ ಹುಡುಗೀರ ಕಾಲಿಗೆ ಸುಣ್ಣ ಹಚ್ಚೋರು ಯಾರು? ಆ ಮನೆಗೆ ಮ್ಯಾನೇಜರ್ ಈಗಾಗ್ಲೇ ಇದಾರೆ ಕಣ್ರೀ, ಸಂಬಳ ಒಂದು ಇಲ್ಲ ಅಷ್ಟೇ. ನೀವು ಹೋಗಿ ಅವರಿಗೇ ಮ್ಯಾನೇಜರ್ ತರ್ತೀವಿ ಅಂದ್ರೆ ಮಾತು ಬಿಡದೆ ಇನ್ನೇನ್ ಮಾಡ್ತಾರೆ.

ದುಡ್ಡಿನ ವಿಷಯ ಮೊದಲು ನೋಡ್ಬಿಡೋಣ, ಯಾಕಂದ್ರೆ 25% ಅನ್ನೋದು ಕೇಳೋಕೆ ಸಣ್ಣದು. 9 ಲಕ್ಷದಲ್ಲಿ ಅದು 2.25 ಲಕ್ಷ. ರೇಷನ್, ಗ್ಯಾಸು, ಕೆಲಸದೋರ ಕೂಲಿ, ಬೆಡ್‌ಶೀಟ್ ಒಗೆಯೋದು, ಯುಪಿಎಸ್ ಬ್ಯಾಟರಿ ಎಲ್ಲಾ ಸೇರಿ ಸುಮಾರು 4 ಲಕ್ಷ ಖರ್ಚು ಅಂತ ನೀವೇ ಬರ್ದಿದೀರ. ಅಂದ್ರೆ ಕೈಗೆ ಉಳಿಯೋದು 5 ಲಕ್ಷ. ಕಮಿಷನ್ ಒಟ್ಟು ಕಲೆಕ್ಷನ್ ಮೇಲಾದ್ರೆ ನಿಮ್ಮ ಉಳಿತಾಯದಲ್ಲಿ ನೂರಕ್ಕೆ 45 ಅವರದ್ದು! ರೇಟ್ ಏರ್ಸಿ ಜಾಸ್ತಿ ಬುಕಿಂಗ್ ತಂದು ಅದನ್ನ ತುಂಬಿಸಿಕೊಡೋರು ಇಲ್ಲ ಅಂತಲ್ಲ, ಊರಲ್ಲಿ ಯಾರೂ ಇಲ್ದೆ ಬೀಗ ಜಡಿದಿರೋ ಮನೆಗಳಿಗೆ ಅದೇ ಸರಿ. ನಿಮ್ಮದು ಬೀಗ ಹಾಕಿರೋ ಮನೆ ಅಲ್ವಲ್ಲ.

ನಮ್ಮ ಸಂಬಂಧಿಕರೊಬ್ರು ಮಡಿಕೇರಿ ಕಡೆ ಮನೇನ ಹಿಂಗೇ ಒಂದು ಕಂಪನಿಗೆ ಕೊಟ್ಟಿದ್ರು. ಮೊದಲ ವರ್ಷ ದುಡ್ಡು ಚೆನ್ನಾಗೇ ಬಂತು. ಆಮೇಲೆ ಇವರೇ ಹಬ್ಬಕ್ಕೆ ಹೋಗ್ಬೇಕಂದ್ರೆ ರೂಂ ಇಲ್ಲ, ಎರಡು ತಿಂಗಳ ಮುಂಚೆ ಡೇಟ್ ಬ್ಲಾಕ್ ಮಾಡ್ಬೇಕಿತ್ತು ಅಂದ್ರಂತೆ. ಕೊನೆಗೆ ಬಿಡಿಸ್ಕೊಂಡಾಗ ನೋಡಿದ್ರೆ ಬುಕಿಂಗ್ ಆ್ಯಪ್ ಅಕೌಂಟೇ ಕಂಪನಿಯೋರ ಹೆಸರಲ್ಲಿ, ಮೂರು ವರ್ಷದ ರಿವ್ಯೂ ಎಲ್ಲಾ ಅವರ ಜೊತೆನೇ ಹೋಯ್ತು, ಇವರು ಮತ್ತೆ ಸೊನ್ನೆಯಿಂದ ಶುರು. ಫಸಲು ಚೇಣಿಗೆ, ಅಂದ್ರೆ ಗುತ್ತಿಗೆಗೆ, ಕೊಟ್ಟಂಗೆ ಕಣ್ರೀ ಇದು, ಚೇಣಿದಾರ ಈ ವರ್ಷದ ಮೆಣಸು ನೋಡ್ತಾನೆ, ಬಳ್ಳಿ ನೋಡೋನು ತೋಟದೋನೇ.

ಇನ್ನು ಅಣ್ಣ ಹೇಳಿದ್ದು, ಅಮ್ಮನ್ನ ಕರ್ಕೊಂಡು ಬರೋದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ನಿಯಮದಲ್ಲಿ ಮಾಲೀಕರು ಮನೆಯೋರ ಜೊತೆ ಅದೇ ಮನೇಲಿ ವಾಸ ಇರ್ಬೇಕು, ಕೊಡೋ ರೂಂ ಒಂದರಿಂದ ಆರು ಅಂತ ಇದೆ. ಅಮ್ಮ ಹೊರಟ್ರೆ ಅದು ಹೋಂಸ್ಟೇ ಅನ್ನಿಸ್ಕೊಳ್ಳಲ್ಲ, ಬರೀ ಬಾಡಿಗೆ ಮನೆ. ನಿಮ್ಮ ನೋಂದಣಿ ಕಾಗದ ಯಾರ ಹೆಸರಲ್ಲಿದೆ, ಏನಂತ ಬರ್ದಿದೆ, ಅದನ್ನ ತೆಗೆದು ನೋಡ್ಕೊಳ್ಳಿ ಮೊದಲು. ಫಾರಿನ್ ಗೆಸ್ಟ್ ಬಂದ್ರೆ 24 ಗಂಟೆ ಒಳಗೆ ಅವರ ವಿವರ ಸರ್ಕಾರಕ್ಕೆ ಆನ್‌ಲೈನಲ್ಲಿ ಹಾಕೋದೂ ಇದೆ, ಅದನ್ನ ಯಾರು ಮಾಡ್ತಾರೆ ಅಂತ ಕಂಪನಿಯೋರು ಕಳಿಸಿದ ಕಾಗದದಲ್ಲಿ ಇದ್ಯಾ?

ನಂಗೆ ಅನ್ಸೋದು ಇಷ್ಟು. ನಿಮಗೆ ಬೇಡವಾಗಿರೋದು ಫೋನು, ಹೋಂಸ್ಟೇ ಅಲ್ಲ. ತೋಟದ ಲೆಕ್ಕಕ್ಕೆ ರೈಟ್ರು ಇಟ್ಕೋತೀವಿ, ಅದಕ್ಕೆ ತೋಟನೇ ಕೊಟ್ಟಂಗೆ ಅಂತ ಯಾರೂ ಅನ್ನಲ್ಲ. ಹಂಗೇ ಊರಲ್ಲೇ ಡಿಗ್ರಿ ಮುಗಿಸಿ ಕೂತಿರೋ ಹುಡುಗನೋ ಹುಡುಗಿನೋ ಒಬ್ಬರನ್ನ ಸಂಬಳಕ್ಕೆ ಇಟ್ಕೊಳ್ಳಿ. ಕಂಪನಿಗೆ ಕೊಡ್ಬೇಕಿದ್ದಿದ್ದು ತಿಂಗಳಿಗೆ 18,750 ಬೀಳ್ತಿತ್ತು, ಅದ್ರೊಳಗೇ ಆಗುತ್ತೆ. ಗೆಸ್ಟ್‌ಗಳು ಫೋನ್ ಮಾಡೋ ನಂಬರ್ ಅವರ ಕೈಗೆ, ಕಾರು ದಾರಿ ತಪ್ಪಿದ್ರೆ ಬೈಕ್ ತಗೊಂಡು ಹೋಗಿ ಕರ್ಕೊಂಡು ಬರೋದೂ ಅವರೇ, ನೀವು ಬೆಂಗಳೂರಿಂದ ಮ್ಯಾಪ್ ಕಳಿಸಿ ಏನೂ ಉಪಯೋಗ ಇಲ್ಲ. ಅಕೌಂಟು, ಪಾಸ್‌ವರ್ಡು, ದುಡ್ಡು ಬೀಳೋ ಬ್ಯಾಂಕ್ ಖಾತೆ ಮಾತ್ರ ನಿಮ್ಮ ಹತ್ರ ಇರ್ಲಿ. ಒಳ್ಳೇ ಜನ ಸಿಗೋದು ಕಷ್ಟ, ಇಬ್ಬರು ಬಿಟ್ಟು ಹೋಗಿ ಮೂರನೆಯವರು ನಿಲ್ಲಬಹುದು, ಅದಕ್ಕೂ ರೆಡಿ ಇರಿ.

ಡಿಸೆಂಬರ್ ಬಗ್ಗೆ ಒಂದು ಮಾತು. ಕ್ರಿಸ್ಮಸ್, ನ್ಯೂ ಇಯರ್ ರಶ್ ಬರೋದೂ ಅರೇಬಿಕಾ ಕೊಯ್ಲು ನಡೆಯೋದೂ ಒಟ್ಟಿಗೇ. ಕಣದಲ್ಲಿ ಕಾಫಿ ಒಣಗ್ತಿರುತ್ತೆ, ಒಳಗೆ ಮೂರೂ ರೂಂ ಫುಲ್ಲು, ಅಮ್ಮ ಎರಡೂ ಕಡೆ ಓಡಾಡ್ತಿರ್ತಾರೆ. ಆ ತಿಂಗಳು ಅಡಿಗೆಗೆ ಇನ್ನೊಬ್ಬರು ಬೇಕೇ ಬೇಕು, ಇದರಲ್ಲಿ ಜುಗ್ಗತನ ಮಾಡ್ಬೇಡಿ. ಜೋರು ಮಳೆ ಹೊಡೆಯೋ ಜುಲೈನಲ್ಲಿ ಬುಕಿಂಗೇ ಕ್ಲೋಸ್ ಮಾಡಿದ್ರೂ ಲೋಕ ಮುಳುಗಲ್ಲ, ಅಮ್ಮಂಗೂ ಸೊಂಟ ಇದೆ.

ಇಷ್ಟೆಲ್ಲಾ ನಾನು ಹೇಳಿದ್ದು ಅಮ್ಮಂಗೆ ಆ ಮನೇಲಿರೋದು, ಬಂದೋರಿಗೆ ಬಡಿಸೋದು ಇಷ್ಟ ಅಂದ್ಕೊಂಡು. ಹಂಗಿಲ್ದೇನೂ ಇರ್ಬಹುದು, ಸಾಕಾಗಿದೆ, ಹೇಳೋಕೆ ಆಗ್ತಿಲ್ಲ ಅಂತಾನೂ ಇರ್ಬಹುದು. ಹಂಗಾದ್ರೆ ನಾನು ಹೇಳಿದ್ದೆಲ್ಲಾ ಬಿಟ್ಟು ಕಂಪನಿಯೋರನ್ನೇ ಕರೆಯಿರಿ, ಆದ್ರೆ 11 ತಿಂಗಳಿಗೆ ಮಾತ್ರ ಅಗ್ರಿಮೆಂಟು, ಖರ್ಚು ಕಳೆದ ಮೇಲೆ ಕಮಿಷನ್ನು, ಹಬ್ಬದ ದಿನ ಮನೆ ನಿಮ್ಮದು ಅಂತ ಬರೆಸ್ಕೊಂಡೇ ಸೈನ್ ಹಾಕಿ. ಈ ಶನಿವಾರ ಬುಕಿಂಗ್ ತಗೊಳ್ಬೇಡಿ. ಒಬ್ಬರೇ ಹೋಗಿ, ಲ್ಯಾಪ್‌ಟಾಪ್ ಬಿಟ್ಟು. ಅಣ್ಣನಿಗೆ ವಿಡಿಯೋ ಕಾಲ್ ಹಾಕೋದೆಲ್ಲ ಆಮೇಲೆ. ಒಲೆ ಮುಂದೆ ಕೂತು, ಅಮ್ಮ, ಇಷ್ಟು ವರ್ಷದಲ್ಲಿ ನಿಮ್ಮ ಪಾಲು ಎಷ್ಟಾಯ್ತು ಅಂತ ಲೆಕ್ಕನೇ ಹಾಕಿಲ್ಲ ನಾನು ಅಂತ ಅಲ್ಲಿಂದ ಶುರು ಮಾಡಿ. ಬೈದ್ರೆ ಬೈಸ್ಕೊಳ್ಳಿ.