ತೋಟದ ಮನೆ ಕ್ಯಾಮೆರಾ ರೆಕಾರ್ಡಿಂಗ್‌ಗೆ ಹಳೆ ಕಂಪ್ಯೂಟರ್ ಸಾಕಾ? ಸಾಕು, ಆದರೆ ಇಷ್ಟು ನೋಡಿಕೊಳ್ಳಿ

ತುರುವೇಕೆರೆ ಕಡೆಯಿಂದ ಕೇಳಿರುವ ಅಣ್ಣನಿಗೆ ನಮಸ್ಕಾರ. ಗೇಟು, ಅಂಗಳ, ಕೊಬ್ಬರಿ ಅಟ್ಟ, ಪಂಪ್ ಹೌಸ್ ಅಂತ ನಾಲ್ಕು ಕ್ಯಾಮೆರಾ ಹಾಕಬೇಕು, ಮಗನಿಗೆ ಓದೋಕೆ ಕೊಡಿಸಿದ್ದ ಕಂಪ್ಯೂಟರ್ ಮೂಲೆಯಲ್ಲಿ ಸುಮ್ನೆ ಬಿದ್ದಿದೆ, ಅದರಲ್ಲೇ ರೆಕಾರ್ಡ್ ಮಾಡಬಹುದಾ ಇಲ್ಲಾ ಅಂಗಡಿಯವರು ಹೇಳುವ ಡಬ್ಬವನ್ನೇ ತಗೋಬೇಕಾ ಅಂತ ಕೇಳಿದ್ದೀರಿ. ಮಾಡಬಹುದು. ತಿಪಟೂರು ಹತ್ತಿರ ನಮ್ಮ ತೋಟದಲ್ಲಿ ಮೂರು ವರ್ಷದಿಂದ ಹೀಗೇ ನಡೆಯುತ್ತಿದೆ. ಉತ್ತರ ಉದ್ದ ಆಗುತ್ತೆ, ಬಿಡುವಿದ್ದಾಗ ಓದಿ.

ನಮ್ಮಲ್ಲೂ ಮೊದಲು ಅಂಗಡಿಯವರು ಕೂರಿಸಿದ ಡಿವಿಆರ್, ಅಂದರೆ ಅದೇ ರೆಕಾರ್ಡಿಂಗ್ ಡಬ್ಬ, ಇತ್ತು. ಒಂದು ಬೆಳಗ್ಗೆ ಎದ್ದು ನೋಡಿದರೆ ಅಟ್ಟದ ಕೆಳಗಿನ ಕೋಣೆಯ ಚಿಲಕ ಕಿತ್ತಿದ್ದರು. ಒಂಬತ್ತು ತಿಂಗಳು ಅಟ್ಟದಲ್ಲಿ ಒಣಗಿಸಿ, ಸುಲಿದು, ಒಡೆದು, ಚೀಲಕ್ಕೆ ತುಂಬಿಟ್ಟಿದ್ದ ಕೊಬ್ಬರಿ. ಹನ್ನೊಂದು ಚೀಲ ಹೋಗಿತ್ತು. ಟಿವಿಯಲ್ಲಿ ನಾಲ್ಕೂ ಕ್ಯಾಮೆರಾದ ಚಿತ್ರ ಚೆನ್ನಾಗಿಯೇ ಬರುತ್ತಿತ್ತು. ಹಿಂದಿನ ರಾತ್ರಿಗೆ ಹೋಗಿ ನೋಡಿದರೆ ಏನೂ ಇಲ್ಲ. ಒಳಗಿನ ಹಾರ್ಡ್ ಡಿಸ್ಕ್ ಎರಡು ತಿಂಗಳ ಹಿಂದೆಯೇ ಕೆಟ್ಟಿತ್ತು. ಲೈವ್ ಬರುತ್ತಿದೆಯಲ್ಲ ಅಂತ ನಾವು ಯಾರೂ ತೆಗೆದು ನೋಡಿರಲಿಲ್ಲ. ಪೊಲೀಸರು ವಿಡಿಯೋ ಕೇಳಿದರು. ಕೊಡೋಕೆ ನಮ್ಮ ಹತ್ತಿರ ಏನೂ ಇರಲಿಲ್ಲ.

ಹಾಗಾಗಿ ಕಂಪ್ಯೂಟರಾ ಡಬ್ಬವಾ ಅನ್ನೋದಕ್ಕಿಂತ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಕರೆಂಟ್ ಹೋಗಿ ಬಂದ ಮೇಲೆ ಇದು ತಾನಾಗೇ ಎದ್ದು ರೆಕಾರ್ಡ್ ಶುರು ಮಾಡುತ್ತಾ? ನಿನ್ನೆ ರಾತ್ರಿ ಎರಡು ಗಂಟೆಯದು ಇವತ್ತು ಸಿಗುತ್ತಾ? ಇವೆರಡಕ್ಕೂ ಹೌದು ಅನ್ನುವ ವ್ಯವಸ್ಥೆ ಯಾವುದಾದರೂ ಒಳ್ಳೇದೇ. ಮನೆಯಲ್ಲಿ ಕಂಪ್ಯೂಟರ್ ಮುಟ್ಟುವವರು ಯಾರೂ ಇಲ್ಲ ಅಂದರೆ ಡಬ್ಬವೇ ತಗೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಮಗ ವಾರಕ್ಕೊಮ್ಮೆ ಊರಿಗೆ ಬರುತ್ತಾನೆ ಅಂದಿದ್ದೀರಿ, ಆದ್ದರಿಂದ ಮುಂದೆ ಬರೆಯುತ್ತೇನೆ.

ಮೊದಲು ಕಂಪ್ಯೂಟರಿನ ವಯಸ್ಸು. ಬರೀ ರೆಕಾರ್ಡ್ ಮಾಡೋಕೆ ಪ್ರೊಸೆಸರ್‌ಗೆ ಹೆಚ್ಚು ಕೆಲಸವೇ ಇಲ್ಲ. ಕ್ಯಾಮೆರಾನೇ ವಿಡಿಯೋವನ್ನು ಕುಗ್ಗಿಸಿ ಕಳಿಸುತ್ತೆ, ಕಂಪ್ಯೂಟರ್ ಅದನ್ನು ಹಾಗೇ ಡಿಸ್ಕ್‌ಗೆ ಬರೆದುಕೊಳ್ಳುತ್ತೆ. ಭಾರ ಬೀಳೋದು ಬಂದಿದ್ದು ಮನುಷ್ಯನಾ ನಾಯಿಯಾ ಅಂತ ಗುರುತಿಸುವಾಗ. ಅಲ್ಲಿ ವಿಡಿಯೋ ಬಿಡಿಸಿ ನೋಡಬೇಕು. ಇಂಟೆಲ್‌ನ 6ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಾದರೆ ಒಳಗಿನ ಗ್ರಾಫಿಕ್ಸೇ ಎಚ್.265 ಅನ್ನೋ ಬಗೆಯಲ್ಲಿ ಕುಗ್ಗಿಸಿದ ವಿಡಿಯೋ ಬಿಡಿಸುತ್ತೆ, ಗುರುತಿಸುವ ಕೆಲಸವನ್ನೂ ಅದಕ್ಕೇ ಒಪ್ಪಿಸಬಹುದು. ಐ5 6500 ಅಂತಿದ್ದರೆ ಮೊದಲ ಅಂಕಿ 6, ಅದೇ ತಲೆಮಾರು. ರ್ಯಾಮ್ 8 ಜಿಬಿ ಇರಲಿ.

ಅದಕ್ಕಿಂತ ಹಳೇದಾದರೆ ಕರೆಂಟ್ ಬಿಲ್ ಲೆಕ್ಕ ಹಾಕಿ. ಹಳೆ ಡೆಸ್ಕ್‌ಟಾಪ್ 80 ವ್ಯಾಟ್ ಎಳೆದರೆ ದಿನಕ್ಕೆ ಸುಮಾರು 1.9 ಯೂನಿಟ್, ತಿಂಗಳಿಗೆ 57 ಯೂನಿಟ್. ಆಫೀಸುಗಳಿಂದ ಹೊರಬಂದ ಸಣ್ಣ ಡೆಸ್ಕ್‌ಟಾಪ್ 30 ವ್ಯಾಟ್‌ನಲ್ಲಿ ಓಡಿದರೆ ತಿಂಗಳಿಗೆ 22 ಯೂನಿಟ್ ಸಾಕು. ಇನ್ವರ್ಟರ್ ಮೇಲೆ ನಿಲ್ಲೋದೂ ಜಾಸ್ತಿ ಹೊತ್ತು. ನಾನು ಬೆಂಗಳೂರಿನ ಎಸ್‌ಪಿ ರೋಡಲ್ಲಿ ಅಂಥದ್ದೊಂದು ಸೆಕೆಂಡ್ ಹ್ಯಾಂಡ್ ತಂದೆ. ಇವತ್ತಿಗೂ ಅದೇ ಓಡುತ್ತಿದೆ.

ಡಿಸ್ಕ್ ಲೆಕ್ಕ ಹೀಗೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸಿದರೆ ದಿನಕ್ಕೆ 21.6 ಜಿಬಿ. ನಾಲ್ಕಕ್ಕೆ ಹೆಚ್ಚೂ ಕಡಿಮೆ 86 ಜಿಬಿ. 2 ಟಿಬಿ ಡಿಸ್ಕ್‌ನಲ್ಲಿ ಮೂರು ವಾರ ಧಾರಾಳವಾಗಿ ಇರುತ್ತೆ. ನಾಲ್ಕಕ್ಕೂ 4 ಮೆಗಾಬಿಟ್ ಇಟ್ಟರೆ ಹನ್ನೊಂದು ದಿನ. ಗೇಟಿನ ಕ್ಯಾಮೆರಾಗೆ 4 ಇಡಿ, ಗಾಡಿ ನಂಬರ್ ಕಾಣಬೇಕಲ್ವಾ. ಉಳಿದವಕ್ಕೆ 2 ಸಾಕು. ಡಿಸ್ಕ್ ಮಾತ್ರ ಹಗಲೂ ರಾತ್ರಿ ಬರೆಯೋಕೆ ಅಂತಲೇ ಮಾಡಿದ್ದು ತಗೊಳ್ಳಿ. ಡಬ್ಲ್ಯುಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಈ ಜಾತಿಯವು. ಕಂಪ್ಯೂಟರ್ ಶುರುವಾಗೋದು ಒಂದು ಸಣ್ಣ ಎಸ್‌ಎಸ್‌ಡಿಯಿಂದ ಇರಲಿ, ರೆಕಾರ್ಡಿಂಗ್ ಬೇರೆ ಡಿಸ್ಕ್‌ಗೆ ಹೋಗಲಿ. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತೆ.

ಕ್ಯಾಮೆರಾ ತಗೊಳ್ಳುವಾಗ ಆನ್‌ವಿಫ್, ಆರ್‌ಟಿಎಸ್‌ಪಿ ಎರಡೂ ಇದೆಯಾ ಅಂತ ಕೇಳಿ. ಕ್ಯಾಮೆರಾ ಬೇರೆ ಕಂಪನಿಯ ರೆಕಾರ್ಡರ್‌ಗೂ ವಿಡಿಯೋ ಕೊಡೋಕೆ ಇರುವ ಸಾಮಾನ್ಯ ಭಾಷೆ ಇವು. ಬರೀ ಮೊಬೈಲ್ ಆ್ಯಪ್‌ನಲ್ಲಿ ಮಾತ್ರ ಕಾಣುವ ಕ್ಯಾಮೆರಾ ನಮ್ಮ ಕೆಲಸಕ್ಕೆ ಬರಲ್ಲ. ಕರೆಂಟೂ ವಿಡಿಯೋನೂ ಒಂದೇ ವೈರಲ್ಲಿ ಹೋಗುವ ಪಿಒಇ ಕ್ಯಾಮೆರಾ, ಅದಕ್ಕೊಂದು ಪಿಒಇ ಸ್ವಿಚ್ ಇದ್ದರೆ ಕಂಬ ಕಂಬಕ್ಕೂ ಪ್ಲಗ್ ಪಾಯಿಂಟ್ ಹುಡುಕೋದು ತಪ್ಪುತ್ತೆ.

ವೈರಿನ ವಿಷಯದಲ್ಲಿ ದಯವಿಟ್ಟು ಹುಷಾರಾಗಿರಿ. ಕ್ಯಾಟ್ 6 (ನೆಟ್‌ವರ್ಕ್ ವೈರಿನ ಒಂದು ದರ್ಜೆ) ಅಂತ ಮೇಲೆ ಬರೆದಿದ್ದರೂ ಒಳಗೆ ಅಲ್ಯೂಮಿನಿಯಂ ಎಳೆಗೆ ತಾಮ್ರದ ಬಣ್ಣ ಹೊಡೆದಂತೆ ತೆಳುವಾಗಿ ಲೇಪಿಸಿದ ವೈರ್ ಅಂಗಡಿಗಳಲ್ಲಿ ಜಾಸ್ತಿ ಸಿಗುತ್ತೆ. ಒಂದು ಎಳೆ ತೆಗೆದು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಬೇಡ, ಕೆಂಪಗೇ ಇದ್ದರೆ ತಗೊಳ್ಳಿ. ಬೆಳ್ಳಗಿನದ್ದು ದೂರಕ್ಕೆ ಕರೆಂಟ್ ಸರಿಯಾಗಿ ಒಯ್ಯಲ್ಲ. ಹಗಲು ಚೆನ್ನಾಗಿರುವ ಕ್ಯಾಮೆರಾ ರಾತ್ರಿ ಅದರ ಐಆರ್ ದೀಪ (ಕತ್ತಲಲ್ಲಿ ಚಿತ್ರ ಹಿಡಿಯೋಕೆ ಇರುವ, ನಮ್ಮ ಕಣ್ಣಿಗೆ ಕಾಣದ ಬೆಳಕು) ಹತ್ತಿದ ಕೂಡಲೇ ಆಫ್ ಆಗಿ ಆನ್ ಆಗುತ್ತಿರುತ್ತೆ. ತೋಟದಲ್ಲಿ ವೈರನ್ನು ಮರದಿಂದ ಮರಕ್ಕೆ ಎಳೆಯಬೇಡಿ. ಒಂದು ಮಟ್ಟೆ ಬಿದ್ದರೆ ಹರಿದುಹೋಗುತ್ತೆ, ಅಳಿಲು ಬೇರೆ ಕಚ್ಚುತ್ತೆ. ನಾನು ಹನಿ ನೀರಾವರಿಯ ಹಳೆ ಪೈಪಿನೊಳಗೆ ತೂರಿಸಿ ಒಂದೂವರೆ ಅಡಿ ಆಳದಲ್ಲಿ ಹೂಳಿದ್ದೇನೆ. ಎಲ್ಲೆಲ್ಲಿ ಹೂತಿದೆ ಅಂತ ಗುರುತು ಕಲ್ಲು ಇಟ್ಟಿದ್ದೇನೆ. ಇಲ್ಲದಿದ್ದರೆ ಮುಂದಿನ ಸಲ ಬುಡ ಬಿಡಿಸುವವರ ಗುದ್ದಲಿಗೆ ಸಿಗುತ್ತೆ.

ಪಂಪ್ ಹೌಸ್ ಎಷ್ಟು ದೂರ ಅಂತ ನೀವು ಬರೆದಿಲ್ಲ. ಈ ವೈರ್ 100 ಮೀಟರ್ ತನಕ ಮಾತ್ರ ಲೆಕ್ಕ. ಅದರಾಚೆಗೆ ಫೈಬರ್ ಎಳೆಯೋದೇ ಸರಿ. ಹತ್ತಿರವಿದ್ದರೂ ನಾನು ಪಂಪ್ ಹೌಸಿಗೆ ಫೈಬರನ್ನೇ ಹೇಳುತ್ತೇನೆ. ಕಾರಣ ಸಿಡಿಲು. ಒಂದು ವರ್ಷ ಮುಂಗಾರಿಗೆ ಮುಂಚಿನ ಮಳೆಯಲ್ಲಿ ಬಾವಿ ಪಕ್ಕದ ತೆಂಗಿನ ಮರಕ್ಕೆ ಸಿಡಿಲು ಹೊಡೆಯಿತು. ತಾಮ್ರದ ವೈರಲ್ಲೇ ಮನೆಯೊಳಗೆ ಬಂದು ಕ್ಯಾಮೆರಾ, ಸ್ವಿಚ್ ಎರಡನ್ನೂ ಸುಟ್ಟಿತು. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯಲ್ಲ. ಒಳಗೆ ಸ್ಟೀಲ್ ತಂತಿ ಇಲ್ಲದ್ದನ್ನೇ ಕೇಳಿ ತಗೊಳ್ಳಿ.

ಫೈಬರ್ ಹಾಕಿದರೆ ಪಂಪ್ ಹೌಸಲ್ಲಿ ಬೇರೆ ಕರೆಂಟ್ ಬೇಕಾಗುತ್ತೆ. ಐಪಿ ಸೆಟ್ (ನೀರಾವರಿ ಪಂಪ್‌ಸೆಟ್) ಲೈನ್ ನಂಬಬೇಡಿ, ಅದರಲ್ಲಿ ತ್ರೀ ಫೇಸ್ ದಿನಕ್ಕೆ ಕೆಲವೇ ಗಂಟೆ. ಕೇಬಲ್ ಕದಿಯುವವರು ಬರೋದು ಲೈನ್ ಇಲ್ಲದ ಹೊತ್ತಿಗೇ. ಕ್ಯಾಮೆರಾಗೆ 6 ವ್ಯಾಟ್, ಫೈಬರ್ ಕನ್ವರ್ಟರ್‌ಗೆ 3 ವ್ಯಾಟ್ ಅಂದುಕೊಂಡರೆ ದಿನಕ್ಕೆ 216 ವ್ಯಾಟ್ ಅವರ್. 100 ವ್ಯಾಟ್ ಸೋಲಾರ್ ಪ್ಯಾನಲ್, 12 ವೋಲ್ಟಿನ 75 ಎಎಚ್ ಬ್ಯಾಟರಿ ಇದ್ದರೆ ಮೋಡ ಕವಿದ ದಿನವೂ ದಾಟುತ್ತೆ. 40 ಎಎಚ್‌ನಲ್ಲಿ ಒಂದು ದಿನ ಬಿಸಿಲಿಲ್ಲದಿದ್ದರೆ ಕಷ್ಟ.

ಸಾಫ್ಟ್‌ವೇರ್‌ಗೆ ನಾನು ಡೆಬಿಯನ್ ಲಿನಕ್ಸ್ ಮೇಲೆ ಫ್ರಿಗೇಟ್ ಅನ್ನೋ ಕ್ಯಾಮೆರಾ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿದ್ದೇನೆ, ಉಚಿತ. ಮಗನಿಗೆ ವಿಂಡೋಸೇ ರೂಢಿ ಅಂದರೆ ಬ್ಲೂ ಐರಿಸ್ ಇದೆ, ಅದಕ್ಕೆ ದುಡ್ಡು ಕೊಡಬೇಕು. ನಮ್ಮ ತೋಟಗಳಿಗೆ ಫ್ರಿಗೇಟ್ ಯಾಕೆ ಒಗ್ಗುತ್ತೆ ಅಂದರೆ, ಅಲುಗಾಡಿದ್ದನ್ನೆಲ್ಲ ಹಿಡಿಯುವ ಕ್ಯಾಮೆರಾ ತೆಂಗಿನ ತೋಟದಲ್ಲಿ ರಾತ್ರಿಯೆಲ್ಲಾ ಕೂಗುತ್ತೆ. ಗರಿ ಅಲುಗಿದರೂ ಮೆಸೇಜ್, ಗರಿಯ ನೆರಳು ಅಲುಗಿದರೂ ಮೆಸೇಜ್. ನಾಲ್ಕನೇ ದಿನಕ್ಕೆ ಮನೆಯವರು ಫೋನ್ ಸೈಲೆಂಟ್ ಮಾಡುತ್ತಾರೆ. ಫ್ರಿಗೇಟ್ ಅಲುಗಾಟ ಕಂಡ ಜಾಗದಲ್ಲಿ ಮಾತ್ರ ಮನುಷ್ಯನಿದ್ದಾನಾ ಅಂತ ನೋಡುತ್ತೆ. ಇದ್ದರೆ ಮಾತ್ರ ಹೇಳುತ್ತೆ. ಇಂಥ ಕ್ಯಾಮೆರಾ ಸಾಮಾನ್ಯವಾಗಿ ಎರಡು ವಿಡಿಯೋ ಕಳಿಸುತ್ತೆ, ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡದನ್ನು ರೆಕಾರ್ಡ್‌ಗೆ, ಚಿಕ್ಕದನ್ನು ಗುರುತಿಸೋಕೆ ಕೊಡಿ. ಎರಡಕ್ಕೂ ದೊಡ್ಡದನ್ನೇ ಕೊಟ್ಟು ಕಂಪ್ಯೂಟರ್ ಬಿಸಿಯಾಗುತ್ತೆ ಅನ್ನುವವರನ್ನು ಬಹಳ ನೋಡಿದ್ದೇನೆ. ಇನ್ನೊಂದು ಮಾತು. ಇದರ ಮಾಮೂಲಿ ಪಟ್ಟಿಯಲ್ಲಿ ಹಸು, ಕುರಿ, ನಾಯಿ, ಕರಡಿ, ಆನೆ ಎಲ್ಲಾ ಇವೆ, ಚಿರತೆ ಇಲ್ಲ. ನಮ್ಮ ಜಿಲ್ಲೆಯಲ್ಲಿ ಚಿರತೆ ಕಾಟ ಎಷ್ಟು ಅಂತ ಎಲ್ಲರಿಗೂ ಗೊತ್ತು. ಅದನ್ನು ಬೆಕ್ಕು, ನಾಯಿ ಅಂತ ತೋರಿಸಬಹುದು. ಕೊಟ್ಟಿಗೆ ಕಡೆ ಕ್ಯಾಮೆರಾ ಇದ್ದರೆ ಅವೆರಡಕ್ಕೂ ಮೆಸೇಜ್ ಬರುವಂತೆ ಇಟ್ಟುಕೊಳ್ಳಿ.

ರಾತ್ರಿ ಚಿತ್ರಕ್ಕೆ ದೊಡ್ಡ ಶತ್ರು ಜೇಡ. ಕ್ಯಾಮೆರಾದ ಐಆರ್ ದೀಪಕ್ಕೆ ಸಣ್ಣ ಹುಳು ಬರುತ್ತೆ, ಹುಳುವಿಗೆ ಜೇಡ ಬರುತ್ತೆ, ಲೆನ್ಸಿನ ಮುಂದೆಯೇ ಬಲೆ ಕಟ್ಟುತ್ತೆ. ಹಗಲು ಆ ಎಳೆ ಕಣ್ಣಿಗೂ ಬೀಳಲ್ಲ. ರಾತ್ರಿ ಐಆರ್ ಬೆಳಕು ಅದರ ಮೇಲೆ ಬಿದ್ದು ಹಗ್ಗದಷ್ಟು ದಪ್ಪ ಬಿಳಿ ಗೆರೆ ಕಾಣುತ್ತೆ, ಹಿಂದಿನದೆಲ್ಲಾ ಕಪ್ಪು. ನಮ್ಮ ಗೇಟಿನ ಕ್ಯಾಮೆರಾದಲ್ಲಿ ಒಂದು ಜೇಡ ರಾತ್ರಿಯೆಲ್ಲಾ ಓಡಾಡಿ ಮುನ್ನೂರಕ್ಕೂ ಹೆಚ್ಚು ತುಣುಕು ಮಾಡಿಸಿತ್ತು. ಈಗ ಕ್ಯಾಮೆರಾದ ಸ್ವಂತ ಐಆರ್ ಆರಿಸಿ, ಐದು ಅಡಿ ಆಚೆ ಬೇರೆ ಐಆರ್ ದೀಪ ಹಾಕಿದ್ದೇನೆ. ಹುಳು ಅಲ್ಲಿಗೆ ಹೋಗುತ್ತವೆ, ಲೆನ್ಸ್ ಶುಭ್ರವಾಗಿರುತ್ತೆ. ಜೊತೆಗೆ ಉದ್ದ ಕೋಲಿಗೆ ಹತ್ತಿಬಟ್ಟೆ ಕಟ್ಟಿ ವಾರಕ್ಕೊಮ್ಮೆ ಒರೆಸುತ್ತೇವೆ.

ಈಗ ಕರೆಂಟ್ ವಿಷಯ. ಕಂಪ್ಯೂಟರ್ ಕೂರಿಸಿ ಒಂದು ವಾರ ಆಗಿರಲಿಲ್ಲ, ರಾತ್ರಿ ಕರೆಂಟ್ ಹೋಗಿ ಇನ್ವರ್ಟರ್ ಖಾಲಿಯಾಗಿ ಎಲ್ಲಾ ಆರಿತ್ತು. ಬೆಳಗ್ಗೆ ಕರೆಂಟ್ ಬಂತು, ಕ್ಯಾಮೆರಾ ಎದ್ದವು, ಕಂಪ್ಯೂಟರ್ ಏಳಲಿಲ್ಲ. ಯಾರಾದರೂ ಬಟನ್ ಒತ್ತಲಿ ಅಂತ ಕೂತಿತ್ತು. ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್) ಹೋಗಿ ರೀಸ್ಟೋರ್ ಆನ್ ಎಸಿ ಪವರ್ ಲಾಸ್ ಅಂತ ಇರೋದನ್ನು ಪವರ್ ಆನ್‌ಗೆ ಬದಲಿಸಿ. ಕೆಲವು ಕಂಪ್ಯೂಟರಿನಲ್ಲಿ ಹೆಸರು ಸ್ವಲ್ಪ ಬೇರೆ ಇರುತ್ತೆ. ಹಾಗೇ ಒಳಗಿನ ಸಿಆರ್ 2032 ಬಟನ್ ಸೆಲ್ ಹೊಸದು ಹಾಕಿಬಿಡಿ. ಆ ಸೆಲ್ ಸತ್ತರೆ ಈ ಸೆಟ್ಟಿಂಗೂ ಮರೆತುಹೋಗುತ್ತೆ, ಗಡಿಯಾರವೂ ಕೆಡುತ್ತೆ. ಕಂಪ್ಯೂಟರ್, ಪಿಒಇ ಸ್ವಿಚ್, ರೌಟರ್ ಮೂರನ್ನೂ ಇನ್ವರ್ಟರ್ ಲೈನಿಗೆ ಕೊಡಿ, ಇನ್ವರ್ಟರನ್ನು ಯುಪಿಎಸ್ ಮೋಡ್‌ನಲ್ಲಿಡಿ. ಎಲ್ಲಾ ಆದ ಮೇಲೆ ಮುಖ್ಯ ಪರೀಕ್ಷೆ ಒಂದೇ. ಆ ಲೈನ್ ಪೂರ್ತಿ ಆರಿಸಿ, ಹತ್ತು ನಿಮಿಷ ಬಿಟ್ಟು ಹಾಕಿ, ಏನನ್ನೂ ಮುಟ್ಟದೆ ಕಾಯಿರಿ. ಕಾಲು ಗಂಟೆಯೊಳಗೆ ನಾಲ್ಕೂ ಕ್ಯಾಮೆರಾದ ಹೊಸ ರೆಕಾರ್ಡಿಂಗ್ ಸಿಗಬೇಕು. ಸಿಗದಿದ್ದರೆ ಕೆಲಸ ಮುಗಿದಿಲ್ಲ ಅಂತಲೇ ಲೆಕ್ಕ.

ಗಡಿಯಾರ ಕೆಡೋದು ಸಣ್ಣ ವಿಷಯ ಅಲ್ಲ. ಕ್ಯಾಮೆರಾಗಳು ಕಂಪ್ಯೂಟರಿನಿಂದಲೇ ಸಮಯ ತಗೊಳ್ಳುವಂತೆ ಮಾಡಿ, ನಾಲ್ಕರಲ್ಲೂ ಒಂದೇ ಗಂಟೆ ಕಾಣಬೇಕು. ಕಳ್ಳತನವಾದರೆ ಮೊದಲು ಆ ಹೊತ್ತಿನ ತುಣುಕನ್ನು ಬೇರೆ ಪೆನ್‌ಡ್ರೈವ್‌ಗೆ ಹಾಗೇ ಕಾಪಿ ಮಾಡಿ, ಡಿಸ್ಕ್‌ನಲ್ಲಿರುವ ಮೂಲವನ್ನು ಅಳಿಸಬೇಡಿ. ವಾಟ್ಸಾಪ್‌ನಲ್ಲಿ ಕಳಿಸಿದ್ದು ಕುಗ್ಗಿರುತ್ತೆ, ಅದನ್ನೇ ಸಾಕ್ಷಿ ಅಂತ ಇಟ್ಟುಕೊಳ್ಳಬೇಡಿ. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಕಾಪಿ ಜೊತೆ ಒಂದು ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ನಂಬರ್ (ಫೈಲಿನ ಬೆರಳಚ್ಚು ಇದ್ದಂತೆ, ಫೈಲ್ ಚೂರು ಬದಲಾದರೂ ಇದು ಬದಲಾಗುತ್ತೆ) ಬರೆಯಬೇಕು. ಲಿನಕ್ಸ್‌ನಲ್ಲಿ ಒಂದೇ ಸಾಲಿನ ಕಮಾಂಡ್‌ಗೆ ಅದು ಬರುತ್ತೆ. ಮಗನಿಗೆ ಮೊದಲೇ ಕಲಿತಿಟ್ಟುಕೊಳ್ಳೋಕೆ ಹೇಳಿ.

ಹೊರಗಿನಿಂದ ಮೊಬೈಲಲ್ಲಿ ನೋಡೋಕೆ ರೌಟರಲ್ಲಿ ಪೋರ್ಟ್, ಅಂದರೆ ಇಂಟರ್‌ನೆಟ್‌ನಿಂದ ಒಳಗೆ ಬರುವ ಬಾಗಿಲು, ತೆರೆಯಬೇಡಿ. 2016ರಲ್ಲಿ ಮಿರಾಯ್ ಅನ್ನೋ ವೈರಸ್ ಹಾವಳಿ ಹೀಗೆ ತೆರೆದಿಟ್ಟ, ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳನ್ನೇ ಹಿಡಿದಿತ್ತು. ನಿಮ್ಮ ಮೊಬೈಲಿಗೂ ಮನೆ ಕಂಪ್ಯೂಟರಿಗೂ ನಡುವೆ ಬೇರೆಯವರು ನೋಡಲಾಗದ ಖಾಸಗಿ ದಾರಿ ಮಾಡಿಕೊಡುವ ಟೇಲ್‌ಸ್ಕೇಲ್ ಅಥವಾ ವೈರ್‌ಗಾರ್ಡ್ ಹಾಕಿ, ಸಿಮ್ ರೌಟರ್ ಇದ್ದರೂ ಟೇಲ್‌ಸ್ಕೇಲ್ ನಡೆಯುತ್ತೆ. ಕ್ಯಾಮೆರಾಗಳಿಗೆ ಇಂಟರ್‌ನೆಟ್ ಕೊಡಲೇಬೇಡಿ.

ಕಂಪ್ಯೂಟರನ್ನು ಬಂದವರ ಕಣ್ಣಿಗೆ ಬೀಳದ ಒಳಕೋಣೆಯಲ್ಲಿಡಿ. ಟಿವಿ ಕೆಳಗಿದ್ದರೆ ಕಳ್ಳ ಅದನ್ನೇ ಮೊದಲು ಒಯ್ಯುತ್ತಾನೆ. ಅಟ್ಟದ ಹತ್ತಿರ ಮಾತ್ರ ಬೇಡ, ಸಿಪ್ಪೆಯ ಧೂಳು ಫ್ಯಾನಿಗೆ ಮೆತ್ತಿಕೊಳ್ಳುತ್ತೆ.

ಅಂಗಳದ ಕ್ಯಾಮೆರಾ ತಿರುಗಿಸುವಾಗ ಪಕ್ಕದ ಮನೆಯ ಬಾಗಿಲು, ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಕೈಕಾಲು ತೊಳೆಯುವ ಜಾಗ ಬರದಂತೆ ನೋಡಿಕೊಳ್ಳಿ. ಫ್ರಿಗೇಟ್‌ನ ಮಾಸ್ಕ್ ಗುರುತಿಸೋದನ್ನು ಮಾತ್ರ ತಡೆಯುತ್ತೆ, ಚಿತ್ರವನ್ನು ಮುಚ್ಚಲ್ಲ. ಕ್ಯಾಮೆರಾದ ಸ್ವಂತ ಸೆಟ್ಟಿಂಗ್‌ನಲ್ಲಿ ಪ್ರೈವೆಸಿ ಮಾಸ್ಕ್ ಇರುತ್ತೆ, ಅದನ್ನು ಹಾಕಿ. ಕ್ಯಾಮೆರಾ ಇದೆ ಅಂತ ಎಲ್ಲರಿಗೂ ಮೊದಲೇ ಹೇಳಿ. ನಮ್ಮ ಮನೆಯಲ್ಲಿ ಹತ್ತಾರು ವರ್ಷದಿಂದ ದುಡಿಯುವವರಿಗೆ ನಮ್ಮ ಮೇಲೇ ಅನುಮಾನವಾ ಅನ್ನಿಸಬಾರದು.

ಇನ್ನು ವಾರದ ಕೆಲಸ. ಪ್ರತಿ ಭಾನುವಾರ ಕಾಫಿ ಕುಡಿಯುತ್ತಾ ನನ್ನ ಮಗಳು ನಾಲ್ಕೂ ಕ್ಯಾಮೆರಾದ ಹಿಂದಿನ ರಾತ್ರಿ ಎರಡು ಗಂಟೆಯ ರೆಕಾರ್ಡಿಂಗ್ ತೆಗೆದು ಒಂದೊಂದು ನಿಮಿಷ ನೋಡುತ್ತಾಳೆ. ಆಮೇಲೆ ಡಿಸ್ಕಿನ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಲೆಕ್ಕ) ನೋಡಿ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಟಿಕ್ ಹಾಕುತ್ತಾಳೆ. ಐದು ನಿಮಿಷದ ಕೆಲಸ. ಹೋದ ವರ್ಷ ಕೆಟ್ಟ ಸೆಕ್ಟರ್ ಹೆಚ್ಚಾಗುತ್ತಿದೆ ಅಂತ ಅವಳೇ ಹೇಳಿದಳು, ಡಿಸ್ಕ್ ಪೂರ್ತಿ ಕೈಕೊಡೋ ಮುಂಚೆ ಬದಲಿಸಿದೆವು.

ಅಣ್ಣ, ನಿಮ್ಮ ಕಂಪ್ಯೂಟರಿನ ಮೇಲಿರುವ ಇಂಟೆಲ್ ಸ್ಟಿಕ್ಕರ್ ಫೋಟೋ ಹಾಕಿ. ಮನೆಯಿಂದ ಪಂಪ್ ಹೌಸಿಗೆ ನೇರ ಅಲ್ಲ, ಪೈಪ್ ಹೂಳುವ ದಾರಿಯಲ್ಲೇ ಟೇಪ್ ಹಿಡಿದು ಎಷ್ಟು ಮೀಟರ್ ಅಂತ ಅಳೆದು ಬರೆಯಿರಿ. ಎರಡೂ ಗೊತ್ತಾದರೆ ಏನೇನು ತರಬೇಕು ಅಂತ ಪಟ್ಟಿ ಮಾಡಿ ಇಲ್ಲೇ ಹಾಕುತ್ತೇನೆ.